ಕತ್ತಲ ದಾರಿಗೆ ಯಾವ ಸೈಕಲ್ ಲೈಟು? ಕಪನೂರಿನಿಂದ ಊರಿಗೆ ಹೋಗಿಬರುವವನ ಲೆಕ್ಕ

ರಸ್ತೆಯ ಮೇಲೆ ರಾಶಿ ಮಾಡುವವರು ಕಾಳು ಬಳಿದುಕೊಂಡು ಮನೆಗೆ ಹೋಗುತ್ತಾರೆ. ಗಾಡಿಗಳು ಕಾಳಿನ ಮೇಲೆ ಹಾಯದಿರಲೆಂದು ಸುತ್ತ ಇಟ್ಟ ಕಲ್ಲುಗಳು ಅಲ್ಲೇ ಉಳಿಯುತ್ತವೆ. ತೊಗರಿ ಸುಗ್ಗಿಯ ಒಂದು ರಾತ್ರಿ ನಮ್ಮೂರಿನ ಒಳದಾರಿಯಲ್ಲಿ ಅಂಥದ್ದೊಂದು ಕಲ್ಲು ನನ್ನ ಮುಂದಿನ ಗಾಲಿಗೆ ಸಿಕ್ಕಿತು. ಆಗ ಹ್ಯಾಂಡಲಿನ ಮೇಲಿದ್ದ ಲೈಟಿನ ಡಬ್ಬಿಯ ಮೇಲೆ 1,200 ಲ್ಯೂಮೆನ್ ಎಂದು ಬರೆದಿತ್ತು. ಬೆಳಕೇನೋ ಬೇಕಾದಷ್ಟಿತ್ತು, ದಾರಿ ಬದಿಯ ಬೇವಿನ ಮರದ ತುದಿಯ ಎಲೆ ಎಣಿಸಬಹುದಿತ್ತು. ಕಲ್ಲು ಮಾತ್ರ ಕಾಣಲಿಲ್ಲ. ಮೊಣಕಾಲು ತರಚಿತು, ರಿಮ್ ಸೊಟ್ಟಗಾಯಿತು, ಬುತ್ತಿಯಲ್ಲಿ ಉಳಿದಿದ್ದ ಎರಡು ರೊಟ್ಟಿ ಎರೆಮಣ್ಣಿನ ಪಾಲಾದವು.

ನಾನು ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಊರು ಹುಮನಾಬಾದ್ ರಸ್ತೆಯಲ್ಲಿ, ಮಹಾಗಾಂವ ಕ್ರಾಸಿಗಿಂತ ಈಚೆ, ಹೆದ್ದಾರಿ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಶುಗರ್ ಬಂದ ಮೇಲೆ ಡಾಕ್ಟರ ಮಾತು ಕೇಳಿ ಬೈಕನ್ನು ಮಗನಿಗೆ ಬಿಟ್ಟು ಸೈಕಲ್ ಹಿಡಿದೆ. ಒಂದು ಕಡೆಗೆ ಮುಕ್ಕಾಲು ಗಂಟೆ. ಸುಗ್ಗಿಯ ದಿನಗಳಲ್ಲಿ ಮಿಲ್ಲಿನಿಂದ ಹೊರಬೀಳುವುದೇ ರಾತ್ರಿ ಒಂಬತ್ತಕ್ಕೆ. ಊರಿನ ಕಡೆ ತಿರುಗಿದ ಮೇಲೆ ಒಂದೇ ಒಂದು ಬೀದಿದೀಪದ ಕಂಬವಿಲ್ಲ. ನಾಲ್ಕು ವರ್ಷದಲ್ಲಿ ಐದು ಲೈಟು ಕೊಂಡಿದ್ದೇನೆ. ಮೂರು ಹಣ ದಂಡ. ನಿಮ್ಮದು ದಂಡವಾಗುವುದು ಬೇಡವೆಂದು ಇಷ್ಟು ಬರೆಯುತ್ತಿದ್ದೇನೆ.

ಎಷ್ಟು ದೂರ ಕಾಣಬೇಕು?

ಅಂಗಡಿಯವನು ಇದನ್ನು ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ. ಡಾಂಬರಿನ ಮೇಲೆ ನಾನು ಹೋಗುವುದು ಗಂಟೆಗೆ 20 ಕಿ.ಮೀ. ಆಸುಪಾಸು, ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಏನೋ ಕಂಡು, ಅದು ಕಲ್ಲೆಂದು ಹೊಳೆದು, ಬೆರಳು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದಿರುತ್ತದೆ; ಎಂಟು ಮೀಟರ್ ದಾಟಿರುತ್ತೇವೆ. ಬ್ರೇಕು ಚಲೋ ಇದ್ದರೆ ಮತ್ತೆ ಐದಾರು ಮೀಟರಿಗೆ ಸೈಕಲ್ ನಿಲ್ಲುತ್ತದೆ. ಸರಳಿನ ಬ್ರೇಕಿರುವ ಹಳೆಯ ಸೈಕಲ್ಲಾಗಿದ್ದು, ಮಳೆಗೆ ರಿಮ್ ತೊಯ್ದಿದ್ದರೆ ಆ ಐದಾರು ಸಲೀಸಾಗಿ ಹತ್ತಾಗುತ್ತದೆ. ಹಾಗಾಗಿ ಕಡಿಮೆಯೆಂದರೂ 20 ಮೀಟರ್ ಮುಂದಿನ ನೆಲ ಕಣ್ಣಿಗೆ ಸ್ವಚ್ಛ ಬೀಳಬೇಕು. ಗಂಟೆಗೆ 25 ಕಿ.ಮೀ. ಓಡಿಸುವ ಹುಡುಗರಿಗೆ 25ರಿಂದ 30 ಮೀಟರ್. ಅದಕ್ಕಿಂತ ಆಚೆಯದು ಕಂಡರೆ ಒಳ್ಳೆಯದೇ, ಆದರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಪಟ್ಟಣದಲ್ಲಿ ಲೈಟು ಬೇಕಾಗುವುದು ಬೇರೆಯವರಿಗೆ ನಾವು ಕಾಣಲಿ ಎಂದು. ಮಿಣಮಿಣ ಎನ್ನುವ ಚಿಕ್ಕದೊಂದು ಇದ್ದರೆ ನಡೆಯುತ್ತದೆ. ನಮ್ಮ ದಾರಿಯಲ್ಲಿ ಎದುರಾಗುವವುಗಳಿಗೆ ತಮ್ಮದೇ ಬೆಳಕಿರುವುದಿಲ್ಲ. ಹಿಂದೆ ಕೆಂಪು ದೀಪವೇ ಇಲ್ಲದ ಕಬ್ಬಿನ ಟ್ರಾಕ್ಟರ್, ರಸ್ತೆ ನಡುವೆ ಮೆಲುಕು ಹಾಕುತ್ತ ಮಲಗಿದ ಎಮ್ಮೆ, ಬಣ್ಣ ಹೊಡೆಯದ ಹಂಪು, ಎತ್ತಿನ ಗಾಡಿ, ರಾಶಿಯ ಕಲ್ಲು. ಎಮ್ಮೆಯ ಕಣ್ಣಾದರೂ ಹೊಳೆಯುತ್ತದೆ, ಅದು ನಮ್ಮ ಕಡೆ ಮುಖ ಮಾಡಿದ್ದರೆ. ಹಂಪಿಗೆ ಕಣ್ಣಿಲ್ಲ.

ಡಬ್ಬಿಯ ಮೇಲಿನ ಅಂಕಿಗಳು

ಲ್ಯೂಮೆನ್ ಎಂದರೆ ಲೈಟಿನಿಂದ ಹೊರಬಿದ್ದ ಒಟ್ಟು ಬೆಳಕು. ನಮ್ಮ ಮಿಲ್ಲಿನ ಮಾತಿನಲ್ಲಿ ಹೇಳುವುದಾದರೆ ಗೋದಾಮಿನಲ್ಲಿರುವ ಒಟ್ಟು ಬೇಳೆ. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬಿದ್ದ ಬೆಳಕು, ಅಂದರೆ ತಾಟಿಗೆ ಬಿದ್ದ ಬೇಳೆ. ಗೋದಾಮು ತುಂಬಿದ್ದರೂ ತಾಟು ಖಾಲಿ ಇರಬಹುದು. ನನಗೆ ಆದದ್ದು ಅದೇ: 1,200ರಲ್ಲಿ ಅರ್ಧಕ್ಕರ್ಧ ಆಕಾಶಕ್ಕೆ ಹೋಗಿತ್ತು.

ಇನ್ನೊಂದು ಮಾತು ಶಾಲೆಯಲ್ಲೇ ಕಲಿತದ್ದು, ಮರೆತದ್ದು: ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. 10 ಮೀಟರಿನಲ್ಲಿ 40 ಲಕ್ಸ್ ಕೊಡುವ ಲೈಟು 20 ಮೀಟರಿನಲ್ಲಿ ಕೊಡುವುದು 10, 40 ಮೀಟರಿನಲ್ಲಿ ಎರಡೂವರೆ. ಜರ್ಮನಿಯವರು ಸೈಕಲ್ ಲೈಟನ್ನು ಅಳೆಯುವುದು ಹೀಗೇ, 10 ಮೀಟರ್ ದೂರದಲ್ಲಿ ಎಷ್ಟು ಲಕ್ಸ್ ಎಂದು. ಅವರ ನಿಯಮದ ಪ್ರಕಾರ ಕನಿಷ್ಠ 10 ಲಕ್ಸ್ ಇರಬೇಕು. ಆ 10 ಲಕ್ಸ್ ಬೀದಿದೀಪವಿರುವ ಊರಿಗೆ ಸಾಕು, ನಮ್ಮ ಕತ್ತಲಿಗೆ ಸಾಲದು. ನನ್ನ ಅನುಭವದಲ್ಲಿ 40 ಲಕ್ಸಿನದಾದರೆ ಧೈರ್ಯವಾಗಿ ತುಳಿಯಬಹುದು, 70ರ ಮೇಲಿನದು ಸುಖ. ಬುಶ್ ಉಂಡ್ ಮ್ಯೂಲರ್ ಎಂಬ ಜರ್ಮನ್ ಕಂಪನಿಯ ‘ಐಕ್ಯೂ-ಎಕ್ಸ್’ ಲೈಟು 100 ಲಕ್ಸಿನದು. ಅದರ ಬೆಲೆ ಕೇಳಿದ ನನ್ನ ಹೆಂಡತಿ, ‘ಅಷ್ಟು ಕೊಡೋದಾದ್ರ ಹಳೇ ಸೈಕಲ್ಲೇ ಇನ್ನೊಂದು ಬರ್ತದಲ್ರಿ’ ಎಂದಳು. ಸುಳ್ಳಲ್ಲ.

ಟಾರ್ಚಿನ ಡಬ್ಬಿಯ ಮೇಲೆ ‘200 ಮೀಟರ್ ದೂರ’ ಎಂದಿದ್ದರೆ ಅದನ್ನು ಹೇಗೆ ಓದಬೇಕು? ಅಮೆರಿಕದಲ್ಲಿ 2009ರಲ್ಲಿ ಬಂದ ‘ಎಫ್‌ಎಲ್ 1’ ಎಂಬ ಮಾನದಂಡವಿದೆ. ಬೆಳಕು ಕಾಲು ಲಕ್ಸಿಗೆ ಇಳಿಯುವ ಜಾಗದವರೆಗೆ ‘ದೂರ’ ಎಂದು ಅದು ಎಣಿಸುತ್ತದೆ. ಕಾಲು ಲಕ್ಸ್ ಎಂದರೆ ಹುಣ್ಣಿಮೆಯ ಬೆಳದಿಂಗಳಷ್ಟು. ಎಳ್ಳಮಾಸಿಯ ಕತ್ತಲಲ್ಲಿ ಮುನ್ನೂರು ಹೆಜ್ಜೆ ಆಚೆ ಒಂದು ಚೂರು ಬೆಳದಿಂಗಳು ಬಿದ್ದರೆ ಹೊಲ ಕಾಯುವವನಿಗೆ ಉಪಯೋಗವಾದೀತು, ಸೈಕಲ್ ತುಳಿಯುವವನಿಗಲ್ಲ. ಅದೇ ಮಾನದಂಡದಲ್ಲಿ ‘ಎಷ್ಟು ಹೊತ್ತು ಉರಿಯುತ್ತದೆ’ ಎನ್ನುವುದನ್ನು ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಕುಸಿಯುವವರೆಗೆ ಎಣಿಸುತ್ತಾರೆ. ಹಾಗಾಗಿ ‘5 ಗಂಟೆ’ ಎಂದಿದ್ದರೆ ಐದೂ ಗಂಟೆ ಒಂದೇ ಬೆಳಕು ಎಂದುಕೊಳ್ಳಬೇಡಿ. ಮಾನದಂಡದ ಹೆಸರೇ ಇಲ್ಲದ ಡಬ್ಬಿಯ ಅಂಕಿಗಳನ್ನಂತೂ ನಾನು ಓದುವುದನ್ನೇ ಬಿಟ್ಟಿದ್ದೇನೆ.

ಗೋದಾಮಿನ ಗೋಡೆ

ಮಿಲ್ಲಿನ ಎದುರಿಗೆ ಪಂಕ್ಚರ್ ಅಂಗಡಿಯ ಚಾಚಾ ಇದ್ದಾರೆ. ನನ್ನ ಸೊಟ್ಟ ರಿಮ್ ಎಳೆದು ಸರಿಮಾಡಿದವರು ಅವರೇ. ಕಡ್ಡಿಗಳನ್ನು ಬಿಗಿಮಾಡುತ್ತ, ‘ಲೈಟ್ ಭಾಳ ಅದ ಅಂತೀರಿ, ಖರೇ. ರಸ್ತಾದ ಮ್ಯಾಲ ಎಷ್ಟು ಬೀಳ್ತದ ನೋಡೀರೇನು?’ ಎಂದು ಕೇಳಿದರು. ನೋಡಿರಲಿಲ್ಲ. ಆವತ್ತು ರಾತ್ರಿ ಕೆಲಸ ಮುಗಿದ ಮೇಲೆ, ಕರೆಂಟು ಹೋಗಿ ಅಂಗಳವೆಲ್ಲ ಕತ್ತಲಾಗಿದ್ದಾಗ, ಇಬ್ಬರೂ ಸೇರಿ ಕೈಗೆ ಸಿಕ್ಕ ಲೈಟುಗಳನ್ನೆಲ್ಲ ಗೋದಾಮಿನ ಸುಣ್ಣದ ಗೋಡೆಗೆ ಬಿಟ್ಟು ನೋಡಿದೆವು. ಸೈಕಲ್ ಗೋಡೆಯಿಂದ ಐದು ಮೀಟರ್ ಹಿಂದೆ, ಲೈಟಿನಷ್ಟೇ ಎತ್ತರಕ್ಕೆ ಗೋಡೆಯ ಮೇಲೊಂದು ಸೀಮೆಸುಣ್ಣದ ಗೆರೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ನಾಲ್ಕು ವರ್ಷದಲ್ಲಿ ನಾನು ಓದಿದ ಯಾವ ಡಬ್ಬಿಗಿಂತಲೂ ಹೆಚ್ಚು ಹೇಳಿತು.

ಮೊದಲು ನನ್ನ ಎರಡು ಕಣ್ಣಿನ ಲೈಟು, ಅದೇ 1,200ರದ್ದು. ಇಡೀ ಗೋಡೆ ಹಗಲಾಯಿತು, ಮೇಲಿನ ಪತ್ರಾಸಿನವರೆಗೂ. ಸೂರಿನಲ್ಲಿ ಮಲಗಿದ್ದ ಪಾರಿವಾಳಗಳು ಪಟಪಟ ಎಂದು ಎದ್ದವು. ‘ಪಾರಿವಾಳ ಹಿಡೀಲಾಕ ಚಲೋ ಅದ ನೋಡ್ರಿ’ ಎಂದರು ಚಾಚಾ. ಗೆರೆಯ ಮೇಲೆ ಎಷ್ಟು ಬೆಳಕೋ ಕೆಳಗೂ ಅಷ್ಟೇ. ಗೆರೆಯ ಮೇಲಿನದೆಲ್ಲ ರಸ್ತೆಗೆ ದಂಡ, ಎದುರಿಗೆ ಬರುವವನ ಕಣ್ಣಿಗೆ ಶಿಕ್ಷೆ.

ಮಿಲ್ಲಿನ ಹುಡುಗನೊಬ್ಬನ ಹಾರ್ನ್ ಲೈಟು ಎರಡನೆಯದು. ಆನ್‌ಲೈನಿನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಬರುವಂಥದ್ದು. ಗೋಡೆಯ ಮೇಲೆ ಒಂದು ಮಸುಕು ಚಂದ್ರ, ಸುತ್ತ ನೀಲಿ ಉಂಗುರ. ಹಾರ್ನ್ ಮಾತ್ರ ಭಯಂಕರ.

ಆಮೇಲೆ ಕೈ ಟಾರ್ಚು. ಹ್ಯಾಂಡಲಿಗೆ ಪ್ಲಾಸ್ಟಿಕ್ ಹಿಡಿಕೆಯಿಂದ ಬಿಗಿದದ್ದು. ನಡುವೆ ಪರಾತದಷ್ಟು ಅಗಲದ ಉರಿಬಿಳಿ ಚುಕ್ಕೆ, ಸುತ್ತ ತೆಳು ಬೆಳಕು. ಕೆಟ್ಟದ್ದಲ್ಲ. ಚುಕ್ಕೆಯನ್ನು ಗೆರೆಯ ಕೆಳಗೆ ಇಳಿಸಿದರೆ 20 ಮೀಟರಿನದು ಚೆನ್ನಾಗಿ ಕಾಣುತ್ತದೆ, ಆದರೆ ಎಡಬಲ ಇಕ್ಕಟ್ಟು. ತಿರುವಿನಲ್ಲಿ ಬೆಳಕು ನೇರ ಹೊಲಕ್ಕೆ ಹೋಗುತ್ತದೆ, ನೀವು ಮಾತ್ರ ತಿರುಗಿರುತ್ತೀರಿ.

ಕೊನೆಗೆ ಸಿಟಿಯಲ್ಲಿರುವ ನನ್ನ ಭಾವಮೈದುನ ಕೊಟ್ಟುಹೋಗಿದ್ದ ಲೈಟು. ಅಂಗೈಯಷ್ಟೂ ಇಲ್ಲ, ಡಬ್ಬಿಯ ಮೇಲೆ ದೊಡ್ಡ ಅಂಕಿಯೂ ಇಲ್ಲ. ಹಚ್ಚಿದರೆ ಗೋಡೆಯ ಮೇಲೆ ಜೋಳದ ರೊಟ್ಟಿಯನ್ನು ಅರ್ಧ ಮುರಿದು, ಮುರಿದ ಅಂಚು ಮೇಲೆ ಬರುವಂತೆ ಇಟ್ಟ ಹಾಗಿತ್ತು. ಮೇಲೆ ಕತ್ತರಿಸಿದಂತೆ ನೇರ ಗೆರೆ, ಅದರಾಚೆ ಕತ್ತಲು. ಗೆರೆಯ ಬುಡದಲ್ಲೇ ಎಲ್ಲಕ್ಕಿಂತ ಪ್ರಖರ, ಕೆಳಗೆ ಬಂದಂತೆ ಬೆಳಕು ತೆಳು. ಚಾಚಾ ಸ್ವಲ್ಪ ಹೊತ್ತು ನೋಡಿ, ‘ಇದು ಮೋಟಾರಿನ ಡಿಪ್ಪರ್ ಇದ್ದಾಂಗ ಅದ’ ಎಂದರು. ಇಷ್ಟು ದಿನ ಯಾರೂ ನನಗೆ ಹೇಳದಿದ್ದದ್ದು ಅದೇ.

ಹೀಗೆ ಯಾಕೆ ಮಾಡುತ್ತಾರೆಂದರೆ, ಗೆರೆಯ ಬುಡದ ಬೆಳಕು ಹೋಗಿ ಬೀಳುವುದು ದೂರದ ರಸ್ತೆಗೆ, ಕೆಳಗಿನದು ಹತ್ತಿರದ ರಸ್ತೆಗೆ. ದೂರಕ್ಕೆ ಹೆಚ್ಚು ಬೇಕು, ಹತ್ತಿರಕ್ಕೆ ಕಡಿಮೆ ಸಾಕು. ಲೆಕ್ಕ ಸರಿಯಾಗಿದ್ದರೆ ಗಾಲಿಯ ಮುಂದಿನಿಂದ 25 ಮೀಟರಿನವರೆಗೆ ರಸ್ತೆ ಒಂದೇ ಸಮ ಬೆಳಗಿದಂತೆ ಕಾಣುತ್ತದೆ. ಗುಂಡು ಬೆಳಕಿನ ಲೈಟುಗಳಲ್ಲಿ ಇದರ ಉಲ್ಟಾ: ಗಾಲಿಯ ಬುಡದಲ್ಲಿ ಕಣ್ಣು ಕುಕ್ಕುವ ಬೆಳಕು, ಕಣ್ಣು ಅದಕ್ಕೇ ಹೊಂದಿಕೊಂಡು ಬಿಡುತ್ತದೆ, ದೂರದ್ದು ಇನ್ನಷ್ಟು ಕಪ್ಪಾಗುತ್ತದೆ. ಹಾಗಾಗಿಯೇ ಕತ್ತರಿಸಿದ ಬೆಳಕಿನ 200 ಲ್ಯೂಮೆನ್, ಗುಂಡು ಬೆಳಕಿನ 500ಕ್ಕೆ ಸಮ ಎಂದು ನನ್ನ ಕಣ್ಣು ಹೇಳುತ್ತದೆ.

ಹಾಗಾದರೆ ಅದೇ ಒಂದನ್ನು ತೆಗೆದುಕೊಂಡರಾಯಿತೇ?

ಅವಸರ ಬೇಡ. ಕತ್ತರಿಸಿದ ಬೆಳಕಿಗೂ ಒಂದು ದೋಷವಿದೆ. ನನಗೆ ಅದು ಗೊತ್ತಾದದ್ದು ಕೆನ್ನೆಯ ಮೇಲೆ ಗೀರು ಬಿದ್ದಾಗ. ನಮ್ಮ ಒಳದಾರಿಯ ಎರಡೂ ಬದಿ ಬಳ್ಳಾರಿ ಜಾಲಿ. ಮಳೆಗಾಲ ಮುಗಿಯುವಷ್ಟರಲ್ಲಿ ಕೊಂಬೆಗಳು ರಸ್ತೆಗೆ ಬಾಗಿರುತ್ತವೆ, ಸರಿಯಾಗಿ ಮುಖದ ಎತ್ತರಕ್ಕೆ. ಗೆರೆಯ ಮೇಲೆ ಬೆಳಕೇ ಇಲ್ಲದ ಲೈಟಿಗೆ ಆ ಮುಳ್ಳು ಹೇಗೆ ಕಾಣಬೇಕು? ಎದುರಿಗೆ ಯಾರೂ ಬಾರದ ಬರೀ ಹೊಲದ ದಾರಿಯಾದರೆ ಗುಂಡು ಬೆಳಕಿನ ಟಾರ್ಚೇ ವಾಸಿ. ಹೆದ್ದಾರಿ, ಎದುರಿಗೆ ಗಾಡಿ ಓಡಾಡುವ ಊರ ರಸ್ತೆ ಎಂದರೆ ಮಾತ್ರ ಕತ್ತರಿಸಿದ ಬೆಳಕಿಗೆ ಸಾಟಿಯಿಲ್ಲ. ನನ್ನದು ಎರಡೂ ಸೇರಿದ ದಾರಿ. ಹ್ಯಾಂಡಲಿಗೆ ಕತ್ತರಿಸಿದ ಬೆಳಕಿನದು, ಚೀಲದಲ್ಲಿ ಟಾರ್ಚು.

ಕತ್ತರಿಸಿದ ಬೆಳಕಿನದನ್ನು ಹುಡುಕುವವರು ಆನ್‌ಲೈನಿನಲ್ಲಿ ‘ಎಸ್‌ಟಿವಿಝಡ್‌ಓ’ ಎಂದು ನೋಡಬೇಕು. ಅದು ಜರ್ಮನಿಯ ವಾಹನ ನಿಯಮಾವಳಿಯ ಹೆಸರು. ಎದುರಿನವರ ಕಣ್ಣು ಕುಕ್ಕುವ ಲೈಟನ್ನು ಆ ದೇಶ ಸೈಕಲ್ಲಿಗೂ ಒಪ್ಪುವುದಿಲ್ಲ. ಮಿನುಗುವ ಲೈಟಿಗೂ ಅಲ್ಲಿ ಅನುಮತಿಯಿಲ್ಲ. ಖರೇ ಅನುಮೋದನೆ ಪಡೆದ ಲೈಟಿನ ಮೈಮೇಲೆ ಅಲೆಯಂಥ ಗೆರೆ, ಇಂಗ್ಲಿಷಿನ ‘ಕೆ’ ಅಕ್ಷರ, ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಬರೀ ಜಾಹೀರಾತಿನಲ್ಲಿ ಹೆಸರು ಹಾಕಿಕೊಂಡವೂ ಇವೆ, ಅವಕ್ಕೆ ಗೋಡೆಯ ಪರೀಕ್ಷೆ ಮಾಡಿ, ಗೆರೆ ಬರದಿದ್ದರೆ ವಾಪಸ್ ಕಳಿಸಿ. ವಾಪಸಾತಿಯ ದಿನ ಮುಗಿಯುವ ಮೊದಲು ಮಾಡಿ ಎಂದು ಬೇರೆ ಹೇಳಬೇಕಿಲ್ಲ. ನಾನು ಆಮೇಲೆ ನನಗಾಗಿ ಕೊಂಡದ್ದಕ್ಕೆ ಮೂರು ಸಾವಿರದ ಮೇಲೆ ಬಿತ್ತು. ಹಿಂದೆ ಕೊಂಡ ಮೂರು ಬೇಡದ ಲೈಟುಗಳನ್ನು ಕೂಡಿಸಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಹಣೆಗೆ ಕಟ್ಟುವ ಬ್ಯಾಟರಿಯ ಮಾತು ಬಂದೇ ಬರುತ್ತದೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರೈತರು ಅದನ್ನು ಕಟ್ಟಿಕೊಂಡೇ ನೀರು ಹಾಯಿಸಲು ಹೋಗುತ್ತಾರೆ, ಹಾಗಾಗಿ ಮನೆಮನೆಯಲ್ಲೂ ಇದೆ. ಇದ್ದದ್ದನ್ನೇ ಕಟ್ಟಿಕೊಂಡು ಸೈಕಲ್ ಹತ್ತಿದರೆ ಆಗದೇ? ಒಂದು ವಾರ ಹಾಗೇ ಹೋಗಿ ನೋಡಿದೆ. ತಿರುಗಿದ ಕಡೆ ಬೆಳಕು ತಿರುಗುತ್ತದೆ, ಜಾಲಿ ಕೊಂಬೆ ಕಾಣುತ್ತದೆ, ಅದೆಲ್ಲ ಸರಿ. ತಗ್ಗು ಮಾತ್ರ ಕಾಣುವುದಿಲ್ಲ! ರಸ್ತೆಯ ತಗ್ಗು ನಮಗೆ ಕಾಣುವುದು ಅದರ ನೆರಳಿನಿಂದ. ಬೆಳಕಿನ ಬುಡ ಕಣ್ಣಿನ ಪಕ್ಕದಲ್ಲೇ ಇದ್ದರೆ ನೆರಳು ವಸ್ತುವಿನ ಹಿಂದೆಯೇ ಅಡಗಿಬಿಡುತ್ತದೆ, ರಸ್ತೆಯೆಲ್ಲ ಇಸ್ತ್ರಿ ಮಾಡಿದ ಬಟ್ಟೆಯಂತೆ ಸಪಾಟಾಗಿ ಕಾಣುತ್ತದೆ. ಅದೇ ಲೈಟು ಕಣ್ಣಿಗಿಂತ ಎರಡು ಅಡಿ ಕೆಳಗೆ, ಹ್ಯಾಂಡಲಿನ ಮುಂದೆ ಇದ್ದರೆ ತಗ್ಗಿನ ಅಂಚಿಗೆ ಕಪ್ಪು ಬಾರ್ಡರು ಎಳೆದಂತೆ ನೆರಳು ಬೀಳುತ್ತದೆ. ಇನ್ನೂ ಕೆಳಗೆ, ಮಡ್‌ಗಾರ್ಡಿನ ಮೇಲೆ ಕೂರಿಸಿದರೆ ನೆರಳು ಮತ್ತಷ್ಟು ಉದ್ದ. ಸಣ್ಣ ಕಲ್ಲೂ ಕಾಣುತ್ತದೆ. ಲಾರಿ ಎಬ್ಬಿಸಿದ ಧೂಳಿನಲ್ಲಿ, ಜನವರಿಯ ಮುಂಜಾನೆಯ ಮಂಜಿನಲ್ಲಿ ಹಣೆಯ ಬ್ಯಾಟರಿ ಕಣ್ಣಿನ ಮುಂದೆಯೇ ಬಿಳಿ ಪರದೆ ಕಟ್ಟುತ್ತದೆ. ಪಂಕ್ಚರ್ ತೆಗೆಯುವಾಗ, ಚೈನ್ ಬಿದ್ದಾಗ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಆ ಕೆಲಸಕ್ಕೆ ಚೀಲದಲ್ಲಿರಲಿ.

ಡೈನಮೊ? ನನ್ನ ಅಪ್ಪನ ಸೈಕಲ್ಲಿಗೆ ಇತ್ತು. ಟೈರಿಗೆ ಒರಗಿಸಿದರೆ ಗುಂಯ್ ಎನ್ನುತ್ತಿತ್ತು. ಆ ಸದ್ದು ಕೇಳಿ ಅವ್ವ ಒಲೆ ಮುಂದೆ ಕೂರುತ್ತಿದ್ದಳು. 6 ವೋಲ್ಟ್, 3 ವಾಟ್, ಅಷ್ಟೇ ಅದರ ಶಕ್ತಿ. ಸೈಕಲ್ ನಿಂತರೆ ಕತ್ತಲು, ಮಳೆಯಲ್ಲಿ ಟೈರಿನ ಮೇಲೆ ಜಾರುತ್ತಿತ್ತು, ಎರೆಮಣ್ಣು ಮೆತ್ತಿದರಂತೂ ಮುಗಿಯಿತು. ಈಗಿನ ಎಲ್‌ಇಡಿಗೆ ಅದೇ 3 ವಾಟ್ ಧಾರಾಳ ಸಾಕು, ನಿಂತಾಗಲೂ ಕೆಲವು ನಿಮಿಷ ಉರಿಯುವ ವ್ಯವಸ್ಥೆಯೂ ಅದರಲ್ಲಿದೆ. ಗಾಲಿಯ ನಡುವಿನ ಹಬ್ಬಿನಲ್ಲೇ ಡೈನಮೊ ಇರುವಂಥವೂ ಇವೆ, ಟೈರಿಗೆ ಉಜ್ಜುವುದಿಲ್ಲ, ಸದ್ದಿಲ್ಲ. ಚಾರ್ಜಿನ ಚಿಂತೆ ಜೀವಮಾನಕ್ಕಿಲ್ಲ. ಆದರೆ ಇಡೀ ಗಾಲಿಯನ್ನು ಬಿಚ್ಚಿ ಕಡ್ಡಿ ಹೊಸದಾಗಿ ಕಟ್ಟಿಸಬೇಕು, ಹೊರಗಿನಿಂದ ತರಿಸಬೇಕು, ಬೆಲೆ ಸೈಕಲ್ಲಿನದನ್ನು ಮೀರುತ್ತದೆ. ಕನಸು ಎಂದು ಇಟ್ಟುಕೊಂಡಿದ್ದೇನೆ.

ಬ್ಯಾಟರಿಯನ್ನು ತೂಗಿ ನೋಡಿ

ಹೆಚ್ಚಿನ ಲೈಟುಗಳಲ್ಲಿರುವುದು ‘18650’ ಎಂಬ ಲಿಥಿಯಂ ಸೆಲ್ಲು. ಹೆಸರೇ ಅಳತೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಆ ಗಾತ್ರದಲ್ಲಿ ಒಳ್ಳೆಯ ಕಂಪನಿಗಳು ತುಂಬಲಾಗಿರುವ ಚಾರ್ಜು ಸುಮಾರು 3,500 ಎಂಎಎಚ್‌ವರೆಗೆ. ಹೀಗಿದ್ದೂ 9,900 ಎಂದು ಬರೆದ ಸೆಲ್ಲುಗಳು ಧಾರಾಳ ಸಿಗುತ್ತವೆ, ಅದೂ ಅರ್ಧ ಬೆಲೆಗೆ. ಮಿಲ್ಲಿನಲ್ಲಿ ಬೇಳೆಯ ಮಾದರಿ ತೂಗುವ ಸಣ್ಣ ತಕ್ಕಡಿ ಇದೆ. ನನ್ನ ಎರಡು ಕಣ್ಣಿನ ಲೈಟಿನ ಪ್ಯಾಕನ್ನು ಬಿಚ್ಚಿ ಒಂದು ಸೆಲ್ಲನ್ನು ಅದರ ಮೇಲಿಟ್ಟೆ: 29 ಗ್ರಾಂ. ಟಾರ್ಚಿನೊಂದಿಗೆ ಬಂದ ಒಳ್ಳೆಯ ಸೆಲ್ಲು: 47. ಕಲಬೆರಕೆ ಬೇಳೆ ಹಿಡಿಯುವ ಕಣ್ಣಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಒಳ್ಳೆಯ ಸೆಲ್ಲು 45 ಗ್ರಾಮಿನ ಆಸುಪಾಸು ಇರಲೇಬೇಕು.

ಇನ್ನೊಂದು ಕೈಲೆಕ್ಕ. 3,000 ಎಂಎಎಚ್‌ನ ಒಂದು ಸೆಲ್ಲಿನಲ್ಲಿ ಸುಮಾರು 11 ವಾಟ್-ಅವರ್ ಶಕ್ತಿ. ಗಾಜು, ಸರ್ಕಿಟು, ಬಿಸಿ ಎಂದು ಕಳೆದುಹೋದದ್ದನ್ನು ಬಿಟ್ಟು ಒಂದು ವಾಟಿಗೆ ನೂರು ಲ್ಯೂಮೆನ್ ಹೊರಬಂತು ಎಂದುಕೊಳ್ಳಿ. ಒಂದು ಸೆಲ್ಲು ಕೊಡಬಲ್ಲದ್ದು ಸಾವಿರ ಲ್ಯೂಮೆನ್ ಒಂದು ಗಂಟೆ, ಅಥವಾ 500 ಎರಡು ಗಂಟೆ, ಅಥವಾ 250 ನಾಲ್ಕು ಗಂಟೆ. ‘ಒಂದೇ ಸೆಲ್ಲು, 1,000 ಲ್ಯೂಮೆನ್, 6 ಗಂಟೆ’ ಎಂದು ಯಾರಾದರೂ ಬರೆದಿದ್ದರೆ ಅವರ ಜೊತೆ ವಾದ ಬೇಡ, ಮುಂದಿನ ಲೈಟು ನೋಡಿ.

ಸೆಲ್ಲು ಬದಲಿಸಲು ಬರುವ ಲೈಟನ್ನೇ ನಾನು ಮೆಚ್ಚುವುದು. ಎರಡು ಮೂರು ವರ್ಷಕ್ಕೆ ಸೆಲ್ಲು ಸೋಲುತ್ತದೆ, ಲೈಟಿಗೆ ಏನೂ ಆಗಿರುವುದಿಲ್ಲ. ಒಳಗೇ ಬೆಸುಗೆ ಹಾಕಿ ಮುಚ್ಚಿದ್ದರೆ ಎರಡನ್ನೂ ಎಸೆಯಬೇಕು. ನಮ್ಮೂರಿನಲ್ಲಿ ಕರೆಂಟು ಹೋದ ರಾತ್ರಿ ಚಾರ್ಜು ಮರೆತರೂ ಚೀಲದಲ್ಲಿ ಇನ್ನೊಂದು ಸೆಲ್ಲಿದ್ದರೆ ಮುಂಜಾನೆಯ ಪಾಳಿಗೆ ಅಡ್ಡಿಯಿಲ್ಲ. ಆ ಸೆಲ್ಲನ್ನು ಬೀಗದ ಕೈಗಳ ಜೊತೆ ಇಡಬೇಡಿ. ಎರಡು ತುದಿಗೂ ಕಬ್ಬಿಣ ತಾಗಿದರೆ ಬೆಂಕಿಯಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ಒಳಗೇ ಸೆಲ್ಲಿರುವುದನ್ನು ಕೊಳ್ಳುವುದಾದರೆ ಪವರ್ ಬ್ಯಾಂಕಿಗೆ ಜೋಡಿಸಿದಾಗಲೂ ಉರಿಯುತ್ತದೆಯೇ ಕೇಳಿ ನೋಡಿ. ಕೆಲವು ಚಾರ್ಜಾಗುವಾಗ ಹಚ್ಚಲು ಬಿಡುವುದೇ ಇಲ್ಲ.

ನಮ್ಮ ಬಿಸಿಲಿನ ಮಾತನ್ನು ಯಾವ ಡಬ್ಬಿಯೂ ಹೇಳುವುದಿಲ್ಲ. ಮೇ ತಿಂಗಳಲ್ಲಿ 43, 44 ಡಿಗ್ರಿ ಇದ್ದಾಗ ಪತ್ರಾಸಿನ ಕೆಳಗೆ ನಿಲ್ಲಿಸಿದ ಸೈಕಲ್ಲಿನ ಲೈಟು ಮುಟ್ಟಲಾಗುವುದಿಲ್ಲ. ಲಿಥಿಯಂ ಸೆಲ್ಲನ್ನು 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜು ಮಾಡಬಾರದು. ಮಿಲ್ಲಿಗೆ ಹೋದ ಕೂಡಲೇ ಬಿಚ್ಚಿ ಒಳಗೆ ಮೇಜಿನ ಖಾನೆಯಲ್ಲಿ ಇಡುತ್ತೇನೆ. ಕಳ್ಳರಿಗೂ ಅದೇ ಮದ್ದು. ಪ್ರಖರ ಲೈಟುಗಳು ತಮ್ಮ ಬಿಸಿಗೆ ತಾವೇ ಬೆಳಕು ಇಳಿಸಿಕೊಳ್ಳುತ್ತವೆ, ಓಡುವಾಗ ಗಾಳಿಗೆ ತಣ್ಣಗಿದ್ದದ್ದು ಗೇಟಿನಲ್ಲಿ ನಿಂತಾಗ ಮಂಕಾದರೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಮಳೆಗೆ, ನೀರು ಸಿಡಿದರೆ ತಡೆಯುತ್ತದೆ ಎಂಬ ‘ಐಪಿಎಕ್ಸ್4’ ಗುರುತಿದ್ದರೆ ಸಾಕು, ಚಾರ್ಜಿನ ತೂತಿನ ರಬ್ಬರ್ ಮುಚ್ಚಳ ಗಟ್ಟಿಯಾಗಿ ಕೂರಬೇಕು ಅಷ್ಟೇ.

ಕಟ್ಟುವುದು, ಬಾಗಿಸುವುದು

ರಬ್ಬರ್ ಪಟ್ಟಿಯಿಂದ ಕಟ್ಟುವ ಲೈಟುಗಳು ನಮ್ಮ ಬಿಸಿಲಿಗೆ ಒಂದು ಬೇಸಿಗೆ ಕಂಡರೆ ಹೆಚ್ಚು. ಪಟ್ಟಿ ಒಣಗಿ ಸಡಿಲಾದರೆ ಪ್ರತಿ ಹಂಪಿಗೂ ಲೈಟು ತಲೆ ತಗ್ಗಿಸುತ್ತದೆ. ಸ್ಕ್ರೂ ಹಾಕಿ ಬಿಗಿಯುವ ಹಿಡಿಕೆಯೇ ಬೇಕು. ಹಳೆಯ ದೊಡ್ಡ ಸೈಕಲ್ಲುಗಳ ಹ್ಯಾಂಡಲ್ ಬಾಗಿರುತ್ತದೆ, ನೇರ ಜಾಗ ಸಿಗುವುದು ಕಷ್ಟ. ಅಂಥವುಗಳ ಮುಂದೆ ಕೆಲವಕ್ಕೆ ಹಿಂದಿನ ಕಾಲದ ದೀಪ ಸಿಗಿಸುವ ಕಬ್ಬಿಣದ ಪಟ್ಟಿ ಇನ್ನೂ ಇರುತ್ತದೆ. ಚಾಚಾ ಅದಕ್ಕೇ ಒಂದು ತುಂಡು ಕೊಳವೆ ಬೆಸೆದು ಕೊಟ್ಟರು, ಇಪ್ಪತ್ತು ರೂಪಾಯಿ ತೆಗೆದುಕೊಂಡರು.

ಬಾಗಿಸುವುದಕ್ಕೆ ಮತ್ತೆ ಆ ಗೋಡೆಯೇ. ಲೈಟು ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದು, ಗೋಡೆ ಐದು ಮೀಟರ್ ದೂರವಿದ್ದರೆ, ಬೆಳಕಿನ ಪ್ರಖರ ಭಾಗ ಸೀಮೆಸುಣ್ಣದ ಗೆರೆಗಿಂತ 25 ಸೆಂ.ಮೀ. ಕೆಳಗೆ, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು ಕೆಳಗೆ ಬೀಳಬೇಕು. ಆಗ ಅದು ರಸ್ತೆಯನ್ನು ಮುಟ್ಟುವುದು 20 ಮೀಟರಿನಲ್ಲಿ. ಗುಂಡು ಬೆಳಕಿನ ಲೈಟೂ ಇಷ್ಟು ಬಾಗಿಸಿದರೆ ಅರ್ಧ ಸಭ್ಯವಾಗುತ್ತದೆ. ನಾನು ಕಲ್ಲಿಗೆ ಬಿದ್ದದ್ದರಲ್ಲಿ ಲೈಟಿನ ತಪ್ಪು ಎಷ್ಟೋ, ಬಾಗಿಸದ ನನ್ನ ತಪ್ಪೂ ಅಷ್ಟೇ.

ಮಿನುಗುವ ಬಟನ್ನನ್ನು ಕತ್ತಲ ರಸ್ತೆಯಲ್ಲಿ ಮುಟ್ಟಬೇಡಿ. ನೀವು ಎಷ್ಟು ದೂರದಲ್ಲಿದ್ದೀರಿ ಎಂದು ಎದುರಿನ ಬೈಕಿನವನಿಗೆ ತಿಳಿಯುವುದಿಲ್ಲ, ನಿಮಗೂ ರಸ್ತೆ ತುಂಡುತುಂಡಾಗಿ ಕಾಣುತ್ತದೆ. ಲಾರಿಯವನು ಡಿಪ್ಪರ್ ಮಾಡದೆ ಬಂದರೆ ಎಡಗಡೆಯ ಬಿಳಿ ಗೆರೆ ನೋಡುತ್ತ ನಿಧಾನ ಮಾಡಿ. ಅವನ ಬೆಳಕಿಗೆ ಕಣ್ಣು ಕೊಟ್ಟರೆ ಕತ್ತಲಿಗೆ ಮತ್ತೆ ಹೊಂದಿಕೊಳ್ಳಲು ಬಹಳ ಹೊತ್ತು ಬೇಕು. ಹಿಂದಿನ ಕೆಂಪು ಲೈಟಿಗೆ ನೂರೈವತ್ತು ರೂಪಾಯಿಯದಾದರೂ ಸಾಕು, ಇರಲೇಬೇಕು. ಅದರ ಬಗ್ಗೆ ಇಷ್ಟೇ.

ಹಾರ್ನ್ ಲೈಟಿನ ಹುಡುಗ ಮೊನ್ನೆ ಮತ್ತೆ ಕೇಳಿದ: ‘ಯಾವ್ದು ತಗೋಬೇಕ್ರಿ ಅಣ್ಣಾ?’ ಅವನೂ ನಮ್ಮ ಪಕ್ಕದೂರಿನವನೇ. ಸಾವಿರದೊಳಗೆ ಎಂದರೆ ಸೆಲ್ಲು ಬದಲಿಸಲು ಬರುವ ಸಣ್ಣ ಟಾರ್ಚು, ಸ್ಕ್ರೂ ಹಿಡಿಕೆ, ಗೇಣಿಗಿಂತ ತುಸು ಹೆಚ್ಚು ಬಾಗಿಸು ಎಂದೆ. ಎರಡು ತಿಂಗಳು ತಡೆದು ದುಡ್ಡು ಕೂಡಿಟ್ಟರೆ ಕತ್ತರಿಸಿದ ಬೆಳಕಿನದು, 40 ಲಕ್ಸಿಗೆ ಕಡಿಮೆ ಬೇಡ ಎಂದೆ. ಎಲ್ಲ ಕೇಳಿಕೊಂಡ. ಸಂಬಳದ ದಿನ ಹೊಸ ಡಬ್ಬಿ ತಂದು ತೋರಿಸಿದ. ಮತ್ತೆ ಹಾರ್ನ್ ಇರುವುದೇ, ಈ ಸಲ ಎರಡು ಥರ ಕೂಗುತ್ತದೆ.

‘ಹಾರ್ನ್ ಎಮ್ಮಿಗೋಳಿಗೆ ಬೇಕ್ರಿ. ಬೆಳಕಿಗೆ ಹ್ಯಾಂಗೂ ನೀವು ಮುಂದ ಹೊಂಟಿರ್ತೀರಲ್ರಿ.’

ಈಗ ರಾತ್ರಿ ಒಂಬತ್ತಕ್ಕೆ ನಾನು ಮುಂದೆ, ಅವನು ಹಿಂದೆ. ಎಮ್ಮೆ ಕಂಡಾಗ ನಾನು ಕೈ ಎತ್ತುತ್ತೇನೆ, ಅವನು ಒತ್ತುತ್ತಾನೆ.